ಸಿಪಾಯಿ ಬರೆದ ವ್ಯಾಕರಣ

ಇಂಗ್ಲಿಷಿನ ಕ್ರಿಯಾಪದವೆಂದರೆ ಹಳ್ಳಿಯಿಂದ ಬಂದ ನಮ್ಮಂಥ ವಿದ್ಯಾರ್ಥಿಗಳಿಗೆ ಒಂದು ಬಗೆಯ ದಿಗಿಲೇ ಸರಿ. ಕಾಲಗಳು ಮೂರೆಂದು ಕೇಳಿ ನೆಮ್ಮದಿಯಿಂದ ಕುಳಿತವನ ಮುಂದೆ ಅವು ಹನ್ನೆರಡಾಗಿ ಬಂದು ನಿಲ್ಲುತ್ತವೆ. ಅವುಗಳ ಬೆನ್ನಿಗೆ ‘ಡು’, ‘ಹ್ಯಾವ್’, ‘ಷಲ್’, ‘ವಿಲ್’ ಮೊದಲಾದ ಸಹಾಯಕ ಕ್ರಿಯಾಪದಗಳ ದಂಡು. ಹೆಸರಿಗೆ ಸಹಾಯಕಗಳಾದರೂ ಅವು ನಮಗೆ ಮಾಡುವ ಸಹಾಯ ಅಷ್ಟರಲ್ಲೇ ಇದೆ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಮೊದಲನೆಯ ವರ್ಷ ವಿದ್ಯಾರ್ಥಿವೇತನದ ಅರ್ಜಿಯನ್ನು ನಾನೇ ಇಂಗ್ಲಿಷಿನಲ್ಲಿ ಬರೆದು, ತಂದೆಯವರೊಡನೆ ಒಂದು ಕಚೇರಿಗೆ ಹೋಗಿದ್ದೆ. ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದೇನೆ ಎಂಬುದನ್ನು ‘ಐ ಆಮ್ ಪಾಸ್ಡ್’ ಎಂದು ಬರೆದಿದ್ದೆ. ಮೇಜಿನ ಹಿಂದೆ ಕುಳಿತಿದ್ದವರು ಅದನ್ನು ಗಟ್ಟಿಯಾಗಿ ಓದಿದರು. ಸುತ್ತಲಿದ್ದವರು ನಕ್ಕರು. ಏನಾಯಿತೆಂದು ತಿಳಿಯದ ನನ್ನ ತಂದೆಯವರೂ ದೊಡ್ಡವರು ನಗುತ್ತಿದ್ದಾರಲ್ಲ ಎಂದು ಅವರ ಜೊತೆಗೆ ನಕ್ಕರು. ಆ ನಗೆಯನ್ನು ನಾನು ಮರೆತಿಲ್ಲ. ಒಂದು ಸಹಾಯಕ ಕ್ರಿಯಾಪದ ತಪ್ಪಿದ್ದಕ್ಕೆ ಮನುಷ್ಯನ ತಲೆ ಇಷ್ಟು ತಗ್ಗಬೇಕೆ ಎಂದು ಆ ರಾತ್ರಿ ಯೋಚಿಸಿದೆ.

ಇದೇ ಪ್ರಶ್ನೆಯನ್ನು ಜೀವನವಿಡೀ ಕೇಳಿದ ಒಬ್ಬ ಮಹಾನುಭಾವನಿದ್ದ. ಅವನು ವಿದ್ವಾಂಸರ ವಂಶದವನಲ್ಲ, ವಿಶ್ವವಿದ್ಯಾನಿಲಯದ ಬಾಗಿಲನ್ನು ಹೊಕ್ಕವನೂ ಅಲ್ಲ. ಉಳುವವನ ಮಗ, ಸಿಪಾಯಿ, ಪತ್ರಕರ್ತ, ಸೆರೆಯಾಳು, ಕೊನೆಗೆ ಪಾರ್ಲಿಮೆಂಟಿನ ಸದಸ್ಯ. ಅವನ ಹೆಸರು ವಿಲಿಯಂ ಕಾಬೆಟ್. ಅವನು ಬರೆದ ಇಂಗ್ಲಿಷ್ ವ್ಯಾಕರಣದ ಕಥೆ ಅವನ ಬಾಳಿನ ಕಥೆಯೇ ಆಗಿರುವುದರಿಂದ ಎರಡನ್ನೂ ಕೂಡಿಸಿಯೇ ಹೇಳಬೇಕಾಗಿದೆ.

ಕಾಬೆಟ್ ಹುಟ್ಟಿದ್ದು 1763ರ ಮಾರ್ಚ್ 9ರಂದು, ಇಂಗ್ಲೆಂಡಿನ ಸರ್ರೆ ಪ್ರಾಂತ್ಯದ ಫಾರ್ನಮ್ ಎಂಬ ಊರಿನಲ್ಲಿ. ಅವನ ಅಜ್ಜ ದಿನಗೂಲಿಯವನು. ಮದುವೆಯಾದ ದಿನದಿಂದ ಸಾಯುವವರೆಗೆ ನಲವತ್ತು ವರ್ಷಕ್ಕೂ ಮೇಲ್ಪಟ್ಟು ಒಬ್ಬನೇ ರೈತನ ಹೊಲದಲ್ಲಿ ದುಡಿದವನು. ತಂದೆ ಬಾಲ್ಯದಲ್ಲಿ ದಿನಕ್ಕೆ ಎರಡು ಪೆನ್ನಿಗೆ ನೇಗಿಲಿನ ಕುದುರೆ ಹೊಡೆದು, ಆ ಹಣದಿಂದಲೇ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತಿದ್ದ. ಮಕ್ಕಳಿಗೆ ಓದುಬರಹವನ್ನು ಕಲಿಸಿದವನೂ ಅವನೇ. ಹುಡುಗ ವಿಲಿಯಂನ ಮೊದಲ ಉದ್ಯೋಗ ಬಿತ್ತಿದ ಹೊಲದಲ್ಲಿ ಹಕ್ಕಿ ಓಡಿಸುವುದು. ಮುಂದೆ ಗೋದಿಯ ಕಳೆ ಕಿತ್ತ, ಕುಂಟೆ ಹೊಡೆಯುವಾಗ ಕುದುರೆಯ ಮುಂದೆ ನಡೆದ. ಹನ್ನೊಂದನೆಯ ವಯಸ್ಸಿನಲ್ಲಿ ಕ್ಯೂ ಎಂಬಲ್ಲಿದ್ದ ರಾಜನ ಉದ್ಯಾನದ ಸುದ್ದಿ ಕೇಳಿ, ಅಲ್ಲಿ ಕೆಲಸ ಮಾಡಬೇಕೆಂದು ಒಬ್ಬನೇ ನಡೆದುಹೋದ. ದಾರಿಯಲ್ಲಿ ಜೇಬಿನಲ್ಲಿ ಉಳಿದಿದ್ದುದು ಮೂರು ಪೆನ್ನಿ. ಅದರಿಂದ ರಾತ್ರಿಯ ಊಟ ಕೊಳ್ಳಬಹುದಿತ್ತು. ಒಂದು ಅಂಗಡಿಯ ಕಿಟಕಿಯಲ್ಲಿ ಸ್ವಿಫ್ಟ್ ಬರೆದ ಪುಸ್ತಕವೊಂದು ಮೂರು ಪೆನ್ನಿಗೆ ಕಂಡಿತು. ಹುಡುಗ ಊಟ ಬಿಟ್ಟು ಪುಸ್ತಕ ಕೊಂಡ. ಒಂದು ಬಣವೆಯ ಪಕ್ಕದಲ್ಲಿ ಕುಳಿತು ಕತ್ತಲಾಗುವವರೆಗೆ ಓದಿ ಅಲ್ಲೇ ಮಲಗಿದ.

ಇಪ್ಪತ್ತನೆಯ ವಯಸ್ಸಿನಲ್ಲಿ ಅವನು ಲಂಡನ್ನಿಗೆ ಹೋಗಿ ಕೆಲವು ತಿಂಗಳು ವಕೀಲರೊಬ್ಬರ ಬಳಿ ಗುಮಾಸ್ತನಾಗಿದ್ದ. ಆ ಕತ್ತಲೆಯ ಕೋಣೆ ಒಗ್ಗದೆ 1784ರಲ್ಲಿ 54ನೆಯ ಪದಾತಿದಳಕ್ಕೆ ಸಿಪಾಯಿಯಾಗಿ ಸೇರಿದ. ಅವನ ಅಕ್ಷರ ಚೆನ್ನಾಗಿದ್ದುದರಿಂದ ಮೇಲಧಿಕಾರಿಯೊಬ್ಬನು ಕಾಗದಪತ್ರಗಳನ್ನು ನಕಲು ಮಾಡುವ ಕೆಲಸ ಕೊಟ್ಟನು. ಅಕ್ಷರ ಚೆನ್ನಾಗಿತ್ತೇ ಹೊರತು ವಾಕ್ಯಗಳಲ್ಲಿ ತಪ್ಪುಗಳಿದ್ದುವು. ವ್ಯಾಕರಣ ಕಲಿತರೆ ಮುಂದೆ ಬರುವೆಯೆಂದು ಆ ಅಧಿಕಾರಿ ಹಿತವಚನ ಹೇಳಿದನು. ಕಾಬೆಟ್ ಕೂಡಲೇ ಲೌತ್ ಎಂಬ ಪಾದ್ರಿ 1762ರಲ್ಲಿ ಪ್ರಕಟಿಸಿದ್ದ ಇಂಗ್ಲಿಷ್ ವ್ಯಾಕರಣವನ್ನು ಸಂಪಾದಿಸಿದ.

ಮುಂದಿನದು ನಾವು ಓದಿ ನಾಚಬೇಕಾದ ಕಥೆ. ಅವನು ಆ ಪುಸ್ತಕವನ್ನು ಎರಡು ಮೂರು ಬಾರಿ ಪೂರ್ತಿಯಾಗಿ ನಕಲು ಮಾಡಿದ; ಆಮೇಲೆ ಬಾಯಿಪಾಠ ಮಾಡಿದ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಆದ್ಯಂತವಾಗಿ ಒಪ್ಪಿಸುತ್ತಿದ್ದ. ಪಹರೆಗೆ ನಿಂತಾಗಲೂ ಒಂದು ಸಲ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದ. ಮಲಗುವ ಮಂಚದ ಅಂಚೇ ಅವನ ಪೀಠ. ಬೆನ್ನಿಗೆ ಕಟ್ಟುವ ಚೀಲವೇ ಪುಸ್ತಕದ ಬೀರು. ತೊಡೆಯ ಮೇಲಿನ ಹಲಗೆ ತುಂಡೇ ಮೇಜು. ದೀಪಕ್ಕೆ ಕಾಸಿಲ್ಲ. ಚಳಿಗಾಲದಲ್ಲಿ ಅಗ್ಗಿಷ್ಟಿಕೆಯ ಮುಂದೆ ತನ್ನ ಸರದಿ ಬಂದಾಗ ಆ ಬೆಂಕಿಯ ಬೆಳಕೇ ಬೆಳಕು. ಸುತ್ತ ಹತ್ತಾರು ಸಿಪಾಯಿಗಳ ಹಾಡು, ನಗೆ, ಜಗಳ. ದಿನದ ಸಂಬಳ ಆರು ಪೆನ್ನಿ. ಊಟ ಉಡುಪುಗಳ ಖರ್ಚು ಕಳೆದರೆ ವಾರಕ್ಕೆ ಉಳಿಯುತ್ತಿದ್ದುದು ಎರಡು ಪೆನ್ನಿ ಮಾತ್ರ. ಒಂದು ಲೇಖನಿ ಅಥವಾ ಒಂದು ಹಾಳೆ ಕೊಂಡರೆ ಅಷ್ಟು ಹೊಟ್ಟೆಗೆ ಕಡಿಮೆ. ಒಂದು ಶುಕ್ರವಾರ ಮರುದಿನ ಬೆಳಗ್ಗೆ ಒಂದು ಒಣಮೀನು ಕೊಳ್ಳೋಣವೆಂದು ಅರ್ಧ ಪೆನ್ನಿ ಉಳಿಸಿಟ್ಟಿದ್ದ. ರಾತ್ರಿ ಹಸಿವಿನಿಂದ ಬಳಲುತ್ತ ಬಟ್ಟೆ ಬಿಚ್ಚುವಾಗ ನೋಡಿದರೆ ಆ ಕಾಸು ಎಲ್ಲೋ ಬಿದ್ದುಹೋಗಿತ್ತು. ಗಟ್ಟಿಮುಟ್ಟಾದ ಸಿಪಾಯಿ ಹೊದಿಕೆಯೊಳಗೆ ತಲೆ ಹುದುಗಿಸಿಕೊಂಡು ಮಗುವಿನಂತೆ ಅತ್ತ.

ಹೀಗೆ ಕಲಿತ ವ್ಯಾಕರಣ ವ್ಯರ್ಥವಾಗಲಿಲ್ಲ. ಅವನ ದಳ 1785ರಲ್ಲಿ ಕೆನಡಾ ನಾಡಿನ ನ್ಯೂ ಬ್ರನ್ಸ್‌ವಿಕ್ಕಿಗೆ ಹೋಯಿತು. ಅಲ್ಲಿ ಅನೇಕ ಹಿರಿಯರನ್ನು ದಾಟಿ ಕಾಬೆಟ್ ಸಾರ್ಜೆಂಟ್ ಮೇಜರ್ ಪದವಿಗೆ ಏರಿದ. ದಳದ ಲೆಕ್ಕ, ವರದಿಗಳೆಲ್ಲ ಅವನ ಕೈಯಿಂದಲೇ ಬರೆಯಲ್ಪಡುತ್ತಿದ್ದುವು. ಆಗ ಅವನಿಗೊಂದು ಸತ್ಯ ಕಾಣಿಸಿತು. ಸಿಪಾಯಿಗಳ ಪಾಲಿನ ಪಡಿಯನ್ನು ಕೆಲವು ಅಧಿಕಾರಿಗಳೇ ನುಂಗುತ್ತಿದ್ದರು. ಓದಲು ಬಾರದ ಸಿಪಾಯಿಗೆ ಅದು ತಿಳಿಯುತ್ತಲೂ ಇರಲಿಲ್ಲ. 1791ರಲ್ಲಿ ಸ್ವದೇಶಕ್ಕೆ ಮರಳಿ, ಸೇನೆಯಿಂದ ಬಿಡುಗಡೆ ಪಡೆದು, ಆ ಅಧಿಕಾರಿಗಳ ಮೇಲೆ ಫಿರ್ಯಾದು ಕೊಟ್ಟ. ಆದರೆ ಬಲ ಅವರ ಕಡೆ ಇತ್ತು. ಉಲ್ಟಾ ತನ್ನ ಮೇಲೆಯೇ ಆಪಾದನೆ ಬರುವುದೆಂದು ತಿಳಿದು, ವಿಚಾರಣೆಗೆ ನಿಲ್ಲದೆ 1792ರಲ್ಲಿ ಫ್ರಾನ್ಸಿಗೂ ಅಲ್ಲಿಂದ ಅಮೆರಿಕಕ್ಕೂ ಹೋದ.

ಫಿಲಡೆಲ್ಫಿಯ ನಗರದಲ್ಲಿ ಅವನಿಗೆ ಅನ್ನ ಕೊಟ್ಟದ್ದು ಅದೇ ವ್ಯಾಕರಣ. ಫ್ರಾನ್ಸಿನ ಕ್ರಾಂತಿಗೆ ಹೆದರಿ ಓಡಿಬಂದಿದ್ದ ಅನೇಕ ಫ್ರೆಂಚರಿಗೆ ಇಂಗ್ಲಿಷ್ ಕಲಿಯಬೇಕಾಗಿತ್ತು. ಕಾಬೆಟ್ ಅವರಿಗೆ ಪಾಠ ಹೇಳಿದ. ಅವರಿಗಾಗಿಯೇ ಫ್ರೆಂಚ್ ಭಾಷೆಯಲ್ಲಿ ಒಂದು ಇಂಗ್ಲಿಷ್ ವ್ಯಾಕರಣವನ್ನು ಬರೆದು 1795ರಲ್ಲಿ ಪ್ರಕಟಿಸಿದ. ಮುಳ್ಳುಹಂದಿಯ ಹೆಸರನ್ನು ತನ್ನ ಕಾವ್ಯನಾಮವಾಗಿ ಇಟ್ಟುಕೊಂಡು ರಾಜಕೀಯ ಲೇಖನಗಳನ್ನು ಬರೆದದ್ದೂ ಅಲ್ಲಿಯೇ. ಒಬ್ಬ ಪ್ರಸಿದ್ಧ ವೈದ್ಯನನ್ನು ಹಳಿದು ಬರೆದದ್ದಕ್ಕೆ 5,000 ಡಾಲರು ದಂಡ ತೆತ್ತು 1800ರಲ್ಲಿ ಇಂಗ್ಲೆಂಡಿಗೆ ಹಿಂದಿರುಗಿದ.

1802ರಲ್ಲಿ ಅವನು ‘ಪೊಲಿಟಿಕಲ್ ರಿಜಿಸ್ಟರ್’ ಎಂಬ ವಾರಪತ್ರಿಕೆಯನ್ನು ಆರಂಭಿಸಿದ. ಅಲ್ಲಿಂದ ಸಾಯುವವರೆಗೆ ಅದನ್ನು ಬಿಡಲಿಲ್ಲ. ಮೊದಲು ಸರಕಾರದ ಪಕ್ಷಪಾತಿಯಾಗಿದ್ದವನು ಹಳ್ಳಿಗಳ ಬಡತನವನ್ನು ಕಣ್ಣಾರೆ ಕಂಡು ಸರಕಾರದ ಕಡುವಿರೋಧಿಯಾದ. 1809ರಲ್ಲಿ ಈಲಿ ಎಂಬ ಊರಿನಲ್ಲಿ, ತಮಗೆ ಸಲ್ಲಬೇಕಾದ ಹಣದ ವಿಷಯದಲ್ಲಿ ಪ್ರತಿಭಟಿಸಿದ ಸ್ಥಳೀಯ ಸೈನಿಕರಿಗೆ ಛಡಿ ಏಟಿನ ಶಿಕ್ಷೆ ಕೊಡಲಾಯಿತು. ಮಾಜಿ ಸಿಪಾಯಿಯ ರಕ್ತ ಕುದಿಯಿತು. ಲೇಖನಿ ಕಿಡಿ ಕಾರಿತು. ಅದಕ್ಕಾಗಿ 1810ರಲ್ಲಿ ಅವನಿಗೆ ಎರಡು ವರ್ಷ ನ್ಯೂಗೇಟ್ ಸೆರೆವಾಸವೂ 1,000 ಪೌಂಡು ದಂಡವೂ ಆಯಿತು.

ಸೆರೆಮನೆಯಿಂದಲೇ ಪತ್ರಿಕೆ ನಡೆಯಿತು. ಅಷ್ಟೇ ಅಲ್ಲ, ಮಕ್ಕಳ ವಿದ್ಯಾಭ್ಯಾಸವೂ ನಡೆಯಿತು. ಊರಿನ ಹೊಲಮನೆಯಿಂದ ಮಕ್ಕಳು ಬುಟ್ಟಿಯಲ್ಲಿ ಹಣ್ಣು, ಹೂವು, ಬೆಳೆಯ ಮಾದರಿಗಳನ್ನು ಕಳಿಸುತ್ತಿದ್ದರು. ಬುಟ್ಟಿಯೊಳಗೆ ಪ್ರತಿಯೊಂದು ಮಗುವೂ ತನಗೆ ತೋಚಿದಂತೆ ಒಂದು ಕಾಗದ ಬರೆದಿಡಬೇಕು. ತಂದೆ ತಪ್ಪದೆ ಉತ್ತರ ಬರೆಯುತ್ತಿದ್ದ. ತಪ್ಪು ಹಿಡಿದು ಹೀಯಾಳಿಸುವ ಪದ್ಧತಿಯಿರಲಿಲ್ಲ. ಬರೆಯುತ್ತ ಬರೆಯುತ್ತಲೇ ಆ ಮಕ್ಕಳು ಬರೆಯಲು ಕಲಿತುಕೊಂಡರು.

1816ರಲ್ಲಿ ಕಾಬೆಟ್ ತನ್ನ ಪತ್ರಿಕೆಯ ಒಂದು ಅಗ್ಗದ ಆವೃತ್ತಿಯನ್ನು ಎರಡು ಪೆನ್ನಿಗೆ ಹೊರಡಿಸಿದ. ಅದು ಸಹಸ್ರಗಟ್ಟಲೆ ಮಾರಾಟವಾಯಿತು. ಕೂಲಿಕಾರರು ಒಬ್ಬನ ಸುತ್ತ ಕುಳಿತು ಓದಿಸಿ ಕೇಳುತ್ತಿದ್ದರು. ಸರಕಾರ ಬೆದರಿತು. 1817ರಲ್ಲಿ ವಿಚಾರಣೆಯಿಲ್ಲದೆ ಜನರನ್ನು ಸೆರೆಯಲ್ಲಿಡುವ ಅಧಿಕಾರ ಅದಕ್ಕೆ ದೊರೆತಾಗ ಕಾಬೆಟ್ ಮತ್ತೊಮ್ಮೆ ಅಮೆರಿಕಕ್ಕೆ ತಪ್ಪಿಸಿಕೊಂಡು ಹೋದ. ನ್ಯೂಯಾರ್ಕಿನ ಬಳಿಯ ಲಾಂಗ್ ಐಲೆಂಡಿನಲ್ಲಿ ಹೊಲ ಗೇಯುತ್ತ ಅವನು ಬರೆದ ಗ್ರಂಥವೇ 1818ರಲ್ಲಿ ಪ್ರಕಟವಾದ ಇಂಗ್ಲಿಷ್ ವ್ಯಾಕರಣ. ಹದಿನಾಲ್ಕು ವರ್ಷದ ಮಗ ಜೇಮ್ಸನಿಗೆ ಬರೆದ ಪತ್ರಗಳ ರೂಪದಲ್ಲಿ ಅದು ಇದೆ. ಶಾಲೆಯ ಹುಡುಗರಿಗಲ್ಲದೆ ವಿಶೇಷವಾಗಿ ಸಿಪಾಯಿಗಳಿಗೆ, ನಾವಿಕರಿಗೆ, ಕಸುಬು ಕಲಿಯುವ ಹುಡುಗರಿಗೆ, ನೇಗಿಲು ಹೊಡೆಯುವ ಬಾಲಕರಿಗೆ ಅದನ್ನು ಬರೆದುದಾಗಿ ಮುಖಪುಟದಲ್ಲಿಯೇ ಸಾರಿದ.

ಉಳುವ ಹುಡುಗನಿಗೆ ವ್ಯಾಕರಣವೇಕೆ? ಉತ್ತರ ಆ ಕಾಲದ ಚರಿತ್ರೆಯಲ್ಲಿದೆ. ಮತದಾನದ ಹಕ್ಕಿಲ್ಲದ ಬಡವನಿಗೆ ಇದ್ದ ದಾರಿ ಪಾರ್ಲಿಮೆಂಟಿಗೆ ಮನವಿ ಬರೆಯುವುದೊಂದೇ. 1793ರಲ್ಲಿ ನಾಟಿಂಗ್‌ಹ್ಯಾಮ್ ಪಟ್ಟಣದವರು ಸುಧಾರಣೆ ಬೇಡಿ ಸಲ್ಲಿಸಿದ ಮನವಿಯನ್ನು, ಅದರ ಭಾಷೆ ಸಭೆಗೆ ತಕ್ಕ ಮರ್ಯಾದೆಯದಲ್ಲವೆಂಬ ಕಾರಣದಿಂದ ಕಾಮನ್ಸ್ ಸಭೆ ಸ್ವೀಕರಿಸಲಿಲ್ಲ. ಮಾತು ನಿಜವೇ ಸುಳ್ಳೇ ಎಂಬ ಪ್ರಶ್ನೆಯೇ ಏಳಲಿಲ್ಲ. ಭಾಷೆಯೆಂಬ ಬಾಗಿಲಿಗೆ ಬೀಗ ಹಾಕಿದರೆ ನ್ಯಾಯ ಕೇಳುವವನು ಹೊರಗೇ ಉಳಿಯುತ್ತಾನೆ. ಆ ಬೀಗದ ಕೈಯನ್ನು ಬಡವನ ಕೈಗೆ ಕೊಡಬೇಕೆಂಬುದೇ ಕಾಬೆಟ್ಟನ ಛಲ.

ಕ್ರಿಯಾಪದವನ್ನು ಅವನು ವಿವರಿಸಿದ ಬಗೆ ಸರಳ. ಅಂದಿನ ಪಂಡಿತರು ಲ್ಯಾಟಿನ್ ವ್ಯಾಕರಣದ ಅಚ್ಚಿನಲ್ಲಿ ಇಂಗ್ಲಿಷನ್ನು ಎರಕ ಹೊಯ್ದು ಕಾಲಗಳಿಗೆ ಬಾಯಿ ತಿರುಗದ ಹೆಸರುಗಳನ್ನಿಟ್ಟಿದ್ದರು. ಕಾಬೆಟ್ ಹಿಂದೆ, ಇಂದು, ಮುಂದೆ ಎಂಬ ಮೂರೇ ಕಾಲಗಳನ್ನು ಇಟ್ಟುಕೊಂಡ. ‘ಐ ವರ್ಕ್’, ‘ಐ ವರ್ಕ್ಡ್’, ‘ಐ ಷಲ್ ವರ್ಕ್’ ಎಂದರೆ ಮುಗಿಯಿತು. ಉಳಿದದ್ದೆಲ್ಲ ಸಹಾಯಕಗಳ ಕೆಲಸ. ಮತ್ತೊಂದು ಸೂಕ್ಷ್ಮವನ್ನೂ ಅವನು ಬಿಡಿಸಿ ತೋರಿಸಿದ. ಸಂದೇಹವನ್ನು ಹೇಳುವಾಗ ಇಂಗ್ಲಿಷಿನಲ್ಲಿ ‘ಇಫ್ ಹಿ ರೈಟ್’ ಎಂದು ‘ಎಸ್’ ಅಕ್ಷರವಿಲ್ಲದೆ ಬರೆಯುವುದುಂಟು. ಅಲ್ಲಿ ‘ಷುಡ್’ ಅಥವಾ ‘ಮೇ’ ಎಂಬ ಸಹಾಯಕ ಮರೆಯಾಗಿ ನಿಂತಿದೆ. ಅದರ ಹಿಂದೆ ಬಂದ ಕ್ರಿಯಾಪದ ಬೋಳಾಗಿಯೇ ಇರುತ್ತದೆ ಎಂಬುದು ಅವನ ವಿವರಣೆ.

ಇದನ್ನು ಓದಿದಾಗ ನನಗೆ ಹಲವು ಗಂಟುಗಳು ಬಿಚ್ಚಿದುವು. ಕನ್ನಡದಲ್ಲಿ ಕ್ರಿಯಾಪದವೇ ಕಾಲವನ್ನೂ ಕರ್ತೃವನ್ನೂ ಹೊರುತ್ತದೆ. ‘ಬರೆದಳು’ ಎಂಬ ಒಂದೇ ಮಾತಿನಲ್ಲಿ ಎಲ್ಲವೂ ಇದೆ. ಇಂಗ್ಲಿಷಿನಲ್ಲಿ ಸಹಾಯಕ ಬಂದ ಕೂಡಲೇ ಆ ಹೊರೆಯನ್ನು ತಾನು ಹೊತ್ತುಕೊಂಡು ಮುಖ್ಯ ಕ್ರಿಯಾಪದದ ಹೆಗಲನ್ನು ಹಗುರ ಮಾಡುತ್ತದೆ. ‘ಡು’ ಎಂಬುದು ‘ಡಿಡ್’ ಆಗಿ ಭೂತಕಾಲವನ್ನು ಹೊತ್ತ ಮೇಲೆ ‘ಗೋ’ ಎಂಬುದು ಮತ್ತೆ ‘ವೆಂಟ್’ ಆಗಬೇಕಿಲ್ಲ. ಒಂದೇ ಮೂಟೆಯನ್ನು ಇಬ್ಬರ ತಲೆಯ ಮೇಲೂ ಹೊರಿಸುವುದೇ ನಮ್ಮ ‘ಡಿಡ್ ವೆಂಟ್’ ಎಂಬ ತಪ್ಪು.

ನನ್ನ ‘ಐ ಆಮ್ ಪಾಸ್ಡ್’ ಹುಟ್ಟಿದ್ದೂ ಹೀಗೆಯೇ. ಕನ್ನಡದಲ್ಲಿ ‘ಬರೆಯುತ್ತಿದ್ದೇನೆ’ ಎಂದರೂ ‘ಬರೆದಿದ್ದೇನೆ’ ಎಂದರೂ ಕೊನೆಗೆ ನಿಲ್ಲುವುದು ‘ಇದ್ದೇನೆ’ ಎಂಬುದೇ. ನಡೆಯುತ್ತಿರುವ ಕೆಲಸಕ್ಕೂ ಮುಗಿದ ಕೆಲಸಕ್ಕೂ ನಮಗೆ ‘ಇರು’ ಎಂಬ ಒಂದೇ ಸಹಾಯಕ. ಇಂಗ್ಲಿಷಿನಲ್ಲಿ ನಡೆಯುತ್ತಿರುವುದಕ್ಕೆ ‘ಬಿ’ ಬೇಕು, ಮುಗಿದದ್ದಕ್ಕೆ ‘ಹ್ಯಾವ್’ ಬೇಕು. ‘ಪಾಸಾಗಿದ್ದೇನೆ’ ಎಂಬುದರ ‘ಇದ್ದೇನೆ’ಯನ್ನು ನಾನು ‘ಆಮ್’ ಮಾಡಿದ್ದೆ. ತಪ್ಪೇನೋ ತಪ್ಪೇ, ಆದರೆ ಅದು ದಡ್ಡತನದ ತಪ್ಪಲ್ಲ, ತಾಯ್ನುಡಿಯ ನ್ಯಾಯವನ್ನು ಪರನುಡಿಗೆ ಒಯ್ದ ತಪ್ಪು. ಕಾಬೆಟ್ಟನ ಕಾಲದ ಇಂಗ್ಲಿಷರೇ ಹೋಗುವ ಬರುವ ಕ್ರಿಯೆಗಳಲ್ಲಿ ‘ಹಿ ಈಸ್ ಕಮ್’ ಎಂದು ಬರೆಯುತ್ತಿದ್ದರು. ಅಲ್ಲಿ ‘ಹ್ಯಾಸ್’ ಪೂರ್ಣವಾಗಿ ಬೇರೂರಿದ್ದು ಅನಂತರ.

‘ಷಲ್’, ‘ವಿಲ್’ಗಳ ವಿಷಯದಲ್ಲಿ ಮಾತ್ರ ಕಾಬೆಟ್ ನಮ್ಮ ಕೈಬಿಡುತ್ತಾನೆ. 1653ರಲ್ಲಿಯೇ ಆಕ್ಸ್‌ಫರ್ಡಿನ ಗಣಿತಜ್ಞ ಜಾನ್ ವಾಲಿಸ್ ತನ್ನ ಲ್ಯಾಟಿನ್ ಗ್ರಂಥದಲ್ಲಿ ಇವುಗಳಿಗೆ ಒಂದು ಸೂತ್ರ ಹಾಕಿದ್ದ. ನಾನು, ನಾವು ಎಂಬಲ್ಲಿ ‘ಷಲ್’ ಬರಿಯ ಭವಿಷ್ಯವನ್ನು ಹೇಳಿದರೆ ‘ವಿಲ್’ ವಾಗ್ದಾನವನ್ನೋ ಬೆದರಿಕೆಯನ್ನೋ ಸೂಚಿಸುತ್ತದೆ. ನೀನು, ಅವನು ಎಂಬಲ್ಲಿ ಅದಲುಬದಲು. ಕಾಬೆಟ್ ಇದನ್ನೆಲ್ಲ ವಿವರಿಸುವ ಗೋಜಿಗೆ ಹೋಗಲಿಲ್ಲ. ಈ ಮಾತುಗಳ ಬಳಕೆ ಇಂಗ್ಲಿಷರಿಗೆ ಮೈಯ ಅಂಗಾಂಗಗಳ ಬಳಕೆಯಷ್ಟೇ ಸಹಜವೆಂದೂ ಅಲ್ಲಿ ತಪ್ಪುವವನ ಬುದ್ಧಿಯಲ್ಲಿಯೇ ಏನೋ ಕೊರತೆಯಿರಬೇಕೆಂದೂ ಅವನು ಭಾವಿಸಿದ. ಫ್ರೆಂಚರಿಗೆ ಇಂಗ್ಲಿಷ್ ಕಲಿಸಿದ್ದ ಗುರುವಿಗೆ ಈ ಮಾತು ಒಪ್ಪುವುದಿಲ್ಲ. ಅನ್ಯರಿಗೆ ನಗಬೇಡಿರೆಂದು ಕಲಿಸಿದವನೂ ಒಂದು ಕಡೆ ಹಾಗೆ ನಕ್ಕುಬಿಟ್ಟನೆಂದು ತೋರುತ್ತದೆ. ಇಂದು ಆ ಹಳೆಯ ಸೂತ್ರ ಬಹುಮಟ್ಟಿಗೆ ಸಡಿಲಿದೆ. ಎಲ್ಲ ಕರ್ತೃಗಳಿಗೂ ‘ವಿಲ್’ ಸಾಗುತ್ತದೆ. ‘ಷಲ್’ ತನ್ನ ಗತ್ತನ್ನು ಉಳಿಸಿಕೊಂಡಿರುವುದು ಕಾನೂನಿನಲ್ಲಿ. ನಮ್ಮ ಸಂವಿಧಾನದ ಇಂಗ್ಲಿಷ್ ಪಾಠದಲ್ಲಿ ಅದು ವಿಧಿಯಾಗಿ, ಆಜ್ಞೆಯಾಗಿ ನಿಂತಿರುವುದನ್ನು ರಾಜ್ಯಶಾಸ್ತ್ರದ ವಿದ್ಯಾರ್ಥಿಗಳು ಬಲ್ಲರು.

ಕಾಬೆಟ್ಟನ ಗ್ರಂಥದ ರುಚಿಯಾದ ಭಾಗ ಅದರ ಉದಾಹರಣೆಗಳು. ತಪ್ಪು ವಾಕ್ಯಗಳನ್ನು ಅವನು ಕೂಲಿಕಾರರ ಬಾಯಿಂದ ಆರಿಸಲಿಲ್ಲ. ಡಾಕ್ಟರ್ ಜಾನ್ಸನ್ನನಂಥ ಪಂಡಿತರ ಬರಹಗಳಿಂದ ಆರಿಸಿದ. 1823ರ ಆವೃತ್ತಿಯಲ್ಲಿ ಆರು ಹೊಸ ಪಾಠಗಳನ್ನೇ ಸೇರಿಸಿದ. ರಾಜ್ಯವಾಳುವ ಮುತ್ಸದ್ದಿಗಳು ತಪ್ಪು ವ್ಯಾಕರಣ ಬರೆಯದಂತೆ ತಡೆಯುವುದು ಅವುಗಳ ಉದ್ದೇಶ! ರಾಜನ ಭಾಷಣವೂ ಮಂತ್ರಿಗಳ ಪತ್ರಗಳೂ ಅಲ್ಲಿ ಕರಿಹಲಗೆಯ ಮುಂದೆ ನಿಂತ ಹುಡುಗರಂತೆ ನಿಲ್ಲಬೇಕಾಯಿತು. ಹಾಗೆ ನಿಂತವರಲ್ಲಿ ಇಬ್ಬರ ಹೆಸರು ನಮಗೆ ಅಪರಿಚಿತವಲ್ಲ. ಒಬ್ಬ ಮಾರ್ಕ್ವಿಸ್ ವೆಲ್ಲೆಸ್ಲಿ, ಇನ್ನೊಬ್ಬ ಅವನ ತಮ್ಮ ಡ್ಯೂಕ್ ಆಫ್ ವೆಲ್ಲಿಂಗ್‌ಟನ್. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅಣ್ಣ ಗವರ್ನರ್ ಜನರಲ್ ಆಗಿದ್ದ. ತಮ್ಮ ಆ ಕೋಟೆಯ ಅಧಿಪತ್ಯ ವಹಿಸಿದ್ದ. ಟಿಪ್ಪುವಿನ ಕೋಟೆಯನ್ನು ಗೆದ್ದವರ ವಾಕ್ಯಗಳನ್ನು ಆರು ಪೆನ್ನಿಯ ಸಿಪಾಯಿ ತಿದ್ದಿದ. ಇದು ಬರಿಯ ಕುಚೋದ್ಯವಲ್ಲ. ದೊಡ್ಡವರ ಬರಹದಲ್ಲಿಯೂ ತಪ್ಪಿದೆಯೆಂದು ಒಮ್ಮೆ ಕಣ್ಣಾರೆ ಕಂಡ ಬಡ ಹುಡುಗ ಮತ್ತೆ ಅವರ ಮುಂದೆ ಲೇಖನಿ ಹಿಡಿಯಲು ನಡುಗುವುದಿಲ್ಲ.

1819ರಲ್ಲಿ ಕಾಬೆಟ್ ಇಂಗ್ಲೆಂಡಿಗೆ ಮರಳಿದ. ಕುದುರೆಯೇರಿ ಹಳ್ಳಿ ಹಳ್ಳಿ ಸುತ್ತಿ ರೈತರ ಪಾಡನ್ನು ಬರೆದ. ಆ ಪ್ರವಾಸಕಥನ 1830ರಲ್ಲಿ ಪುಸ್ತಕವಾಯಿತು. ಕೃಷಿಕೂಲಿಗಳ ದಂಗೆಗೆ ಕುಮ್ಮಕ್ಕು ಕೊಟ್ಟನೆಂದು 1831ರಲ್ಲಿ ಮತ್ತೆ ಮೊಕದ್ದಮೆ ಬಂದಾಗ ತಾನೇ ವಾದಿಸಿದ. ಪಂಚರಲ್ಲಿ ಒಮ್ಮತವಾಗದೆ ಬಿಡುಗಡೆ ಹೊಂದಿದ. ಮರುವರ್ಷದ ಸುಧಾರಣಾ ಶಾಸನದ ಬಳಿಕ ಓಲ್ಡ್‌ಹ್ಯಾಮ್ ಪಟ್ಟಣದಿಂದ ಪಾರ್ಲಿಮೆಂಟಿಗೆ ಆರಿಸಿ ಬಂದ. ಹಕ್ಕಿ ಓಡಿಸಿದ ಹುಡುಗ ಹೀಗೆ ಮನವಿಗಳನ್ನು ಸ್ವೀಕರಿಸುವ ಸಭೆಯಲ್ಲಿಯೇ ಆಸನ ಪಡೆದ. 1835ರ ಜೂನ್ 18ರಂದು ತೀರಿಕೊಂಡ. ಹುಟ್ಟಿದ ಫಾರ್ನಮ್ಮಿನಲ್ಲಿಯೇ ಅವನ ಸಮಾಧಿಯಿದೆ.

ಅವನನ್ನು ದೋಷರಹಿತನೆಂದು ಹೊಗಳುವುದು ಸಲ್ಲದು. ಅವನ ನಾಲಗೆ ಹರಿತ, ಕೋಪ ವಿಪರೀತ. ಯೆಹೂದ್ಯರ ವಿಷಯದಲ್ಲಿ, ಕಪ್ಪು ಜನರ ವಿಷಯದಲ್ಲಿ ಅವನು ಬರೆದ ಮಾತುಗಳು ಇಂದು ಓದಿದರೆ ತಲೆ ತಗ್ಗಿಸುವಂತಿವೆ. ತನ್ನ ದೇಶದ ಉಳುವವನಿಗೆ ತೋರಿದ ಕರುಣೆಯನ್ನು ಅವನು ಎಲ್ಲ ದುಡಿಯುವವರಿಗೂ ತೋರಲಿಲ್ಲ. ಅವನಿಂದ ಕಲಿಯುವ ನಾವು ಅವನು ನಿಂತ ಕಡೆ ನಿಲ್ಲಬೇಕಾಗಿಲ್ಲ.

ಸಹಪಾಠಿಗಳೇ, ಇಂಗ್ಲಿಷ್ ನಮಗೆ ತಾಯಿಯಲ್ಲ. ಅದನ್ನು ಪೂಜಿಸಬೇಕಾಗಿಯೂ ಇಲ್ಲ, ಅದಕ್ಕೆ ಅಂಜಬೇಕಾಗಿಯೂ ಇಲ್ಲ. ಅದೊಂದು ಸಲಕರಣೆ. ನೇಗಿಲು ಹಿಡಿಯುವವನು ಮೊದಲ ದಿನ ಸಾಲು ಸೊಟ್ಟಗೆ ಹೊಡೆಯುತ್ತಾನೆ. ಅದಕ್ಕೆ ಯಾವ ರೈತನೂ ನಗುವುದಿಲ್ಲ, ಪಕ್ಕದಲ್ಲಿ ನಿಂತು ಕೈ ಹಿಡಿದು ತಿದ್ದುತ್ತಾನೆ.

ಈಗ ರಜೆಯಲ್ಲಿ ಊರಿಗೆ ಹೋದಾಗ ಅಕ್ಕಪಕ್ಕದವರು ಅರ್ಜಿ ಬರೆಸಿಕೊಳ್ಳಲು ನನ್ನ ಬಳಿ ಬರುತ್ತಾರೆ, ಬರೆದುಕೊಡುತ್ತೇನೆ. ಆದರೆ ಪ್ರೌಢಶಾಲೆಯಲ್ಲಿ ಓದುವ ನನ್ನ ತಂಗಿ ಬಂದರೆ ಬರೆದುಕೊಡುವುದಿಲ್ಲ. ಹಾಳೆಯನ್ನು ಅವಳ ಕೈಗೇ ಕೊಡುತ್ತೇನೆ. ಮೊನ್ನೆ ಅವಳೂ ‘ಐ ಆಮ್ ಪಾಸ್ಡ್’ ಎಂದು ಬರೆದಳು. ನಾನು ನಗಲಿಲ್ಲ. ‘ಇದ್ದೇನೆ’ಯ ಕಥೆಯನ್ನು ಹೇಳಿದೆ. ಅವಳು ‘ಆಮ್’ ಹೊಡೆದುಹಾಕಿ ‘ಹ್ಯಾವ್’ ಎಂದು ಬರೆದಳು. ಜಗಲಿಯ ಮೇಲೆ ಕುಳಿತಿದ್ದ ತಂದೆಯವರು ಏನಾಯಿತೆಂದು ಕೇಳಿದರು. ಈ ಸಲ ಅವರಿಗೂ ವಿವರಿಸಿ ಹೇಳಿದೆವು.